ಮುಂಗಡ ಮೊದಲೋ, ದಾಖಲೆ ಮೊದಲೋ?

(ಮನೆ ಕೊಳ್ಳುವ ಬಗ್ಗೆ ಆನ್‌ಲೈನ್ ಗುಂಪೊಂದರಲ್ಲಿ ನಡೆದ ಮಾತುಕತೆ. ಮಾತಾಡುವವರದೆಲ್ಲ ಅಡ್ಡಹೆಸರುಗಳು.)

ಬಾಡಿಗೆಮನೆ: ಬೆಂಗಳೂರಿನ ಹೊರವಲಯದಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟ್‌ನಲ್ಲಿ ನಾವಿಬ್ಬರೂ ಒಂದು ಮನೆ ನೋಡಿದ್ದೇವೆ. ಬೆಲೆ 70 ಲಕ್ಷ. ಭಾನುವಾರದೊಳಗೆ 12 ಲಕ್ಷ ಮುಂಗಡ ಕೊಟ್ಟರಷ್ಟೇ ಈ ಬೆಲೆ, ದಾಖಲೆಗಳ ನಕಲು ಆಮೇಲೆ ಎನ್ನುತ್ತಿದ್ದಾರೆ ಏಜೆಂಟ್. ಒಂಬತ್ತು ವರ್ಷದ ಉಳಿತಾಯ ಅದು. ಕೊಡಬಹುದೇ?

ಕಡತ: ದಯವಿಟ್ಟು ಕೊಡಬೇಡಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ಕಾಯ್ದೆಯ ಸೆಕ್ಷನ್ 13 ಪ್ರಕಾರ, ಮಾರಾಟ ಕರಾರು ಬರೆದು ನೋಂದಾಯಿಸುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ನಿಮ್ಮ ಲೆಕ್ಕಕ್ಕೆ ಅದು 7 ಲಕ್ಷ. ಹನ್ನೆರಡು ಕೇಳುವವರು ಮೊದಲ ಹೆಜ್ಜೆಯಲ್ಲೇ ಕಾನೂನು ಮೀರುತ್ತಿದ್ದಾರೆ.

ಹಳೆಯ ಏಜೆಂಟ್: 12 ಲಕ್ಷ ಕೇಳಿದ್ದು ತಪ್ಪೇ. ಆದರೆ ಅವಸರ ಮಾಡುವವರೆಲ್ಲ ಮೋಸಗಾರರಲ್ಲ ಸ್ವಾಮಿ. ಮೂರು ತಿಂಗಳು ಜೊತೆಗೆ ಸುತ್ತಿ, ಹತ್ತು ಮನೆ ನೋಡಿ, ಕೊನೆಗೆ ‘ಊರಲ್ಲಿ ಅಪ್ಪ ಬೇಡವೆಂದರು’ ಎಂದು ಹೊರಟುಹೋಗುವವರೂ ಇದ್ದಾರೆ. ನೋಂದಣಿಯಾಗುವವರೆಗೆ ನಮಗೆ ಬಿಡಿಗಾಸೂ ಸಿಗುವುದಿಲ್ಲ.

ಕಡತ: ನಿಮ್ಮ ಕಷ್ಟ ನಿಜ. ಆದರೆ ಅದನ್ನು ಕೊಳ್ಳುವವರ ತಲೆಗೆ ಕಟ್ಟುವುದು ಸರಿಯಲ್ಲ. ಬುಕಿಂಗ್ ವೇಳೆಯಲ್ಲೇ ದಾಖಲೆಗಳು ಕೊಳ್ಳುವವರ ಕೈಸೇರುವಂತೆ ನೋಡಿಕೊಳ್ಳುವುದು ಏಜೆಂಟರ ಕರ್ತವ್ಯವೆಂದು ಅದೇ ಕಾಯ್ದೆಯ ಸೆಕ್ಷನ್ 10 ಹೇಳುತ್ತದೆ. ‘ಆಮೇಲೆ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಸುಟ್ಟ ಕೈ: ‘ಆಮೇಲೆ’ ಎಂಬ ಮಾತನ್ನು ನಂಬಿಯೇ ನಾನು ಬಿ ಖಾತಾ, ಅಂದರೆ ದಾಖಲೆ ಪೂರ್ತಿ ಕ್ರಮಬದ್ಧವಲ್ಲದ ನಿವೇಶನ ಕೊಂಡೆ. ಕ್ರಮಬದ್ಧ ಆಸ್ತಿಗೆ ಸಿಗುವ ಎ ಖಾತಾ ಆರು ತಿಂಗಳಲ್ಲಿ ಆಗುತ್ತದೆ ಎಂದಿದ್ದರು. ಮನೆ ಕಟ್ಟಲು ಸಾಲ ಕೇಳಿ ಹೋದಾಗ ಎರಡು ಬ್ಯಾಂಕ್‌ಗಳು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದವು. ಆಸ್ತಿ ಯಾರಿಂದ ಯಾರಿಗೆ ಬಂತೆಂದು ತಿಳಿಸುವ ಮೂಲಪತ್ರ, ಅದರ ಮೇಲೆ ಸಾಲ-ಋಣವಿದೆಯೇ ಎಂದು ತೋರಿಸುವ ಇ.ಸി. (ಋಣಭಾರ ಪ್ರಮಾಣಪತ್ರ), ಕೃಷಿಭೂಮಿಯನ್ನು ವಸತಿಗೆ ಬದಲಿಸಿದ ಭೂಪರಿವರ್ತನೆ ಆದೇಶ ಇಷ್ಟನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಸೂಚಿಸಿದ ವಕೀಲರಿಗಲ್ಲ.

ಕಡತ: ಬೆಲೆಯ ಆಚೆಗಿನ ಖರ್ಚನ್ನೂ ಈಗಲೇ ಎಣಿಸಿ. 70 ಲಕ್ಷಕ್ಕೆ ಶೇ 5 ಮುದ್ರಾಂಕ ಶುಲ್ಕ 3.5 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 1.4 ಲಕ್ಷ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ 5 ಜಿಎಸ್‌ಟಿ, ಮತ್ತೆ 3.5 ಲಕ್ಷ. ಸೆಸ್, ಸರ್ಚಾರ್ಜ್ ಬಿಟ್ಟೇ 8.4 ಲಕ್ಷವಾಯಿತು. ಮನೆ ಕೈಗೆ ಬರುವವರೆಗೆ ಬಾಡಿಗೆಯೂ ನಿಲ್ಲುವುದಿಲ್ಲ, ಸಾಲದ ಕಂತೂ ನಿಲ್ಲುವುದಿಲ್ಲ.

ಹೊಸ ಹೆಜ್ಜೆ: ನಡುವೆ ನನ್ನದೊಂದು ಪ್ರಶ್ನೆ, ಕ್ಷಮಿಸಿ. ಕಾಲ್ ಸೆಂಟರ್ ಕೆಲಸ ಬಿಟ್ಟು ಏಜೆಂಟ್ ಆಗಬೇಕೆಂದಿದ್ದೇನೆ. ಇದನ್ನೆಲ್ಲ ಓದಿದರೆ ಭಯವಾಗುತ್ತಿದೆ. ಪ್ರಾಮಾಣಿಕವಾಗಿದ್ದು ಬದುಕಲು ಸಾಧ್ಯವೇ ಸರ್?

ಹಳೆಯ ಏಜೆಂಟ್: ಸಾಧ್ಯವಮ್ಮ. ಮೊದಲು ರೇರಾ ಪ್ರಾಧಿಕಾರದಲ್ಲಿ ನಿನ್ನ ಹೆಸರು ನೋಂದಾಯಿಸು. ಅದಿಲ್ಲದೆ ಅಲ್ಲಿ ನೋಂದಣಿಯಾದ ಯೋಜನೆಯ ಮನೆಗಳನ್ನು ಮಾರುವಂತಿಲ್ಲ. ಒಂದು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡೇ ಕೆಲಸ ಬಿಡು. ಹಸಿದ ಏಜೆಂಟ್ ಸುಳ್ಳು ಹೇಳುತ್ತಾನೆ, ನಾನು ಕಣ್ಣಾರೆ ಕಂಡಿದ್ದೇನೆ. ಮಾತು ಕಲಿಯುವುದಕ್ಕಿಂತ ಮೊದಲು ಮೂಲಪತ್ರ ಓದುವುದನ್ನು ಕಲಿ. ಇಂದಿಗೂ ನನಗೆ ಹೊಸ ಗಿರಾಕಿಗಳನ್ನು ಕಳುಹಿಸುವುದು, ‘ಈ ಮನೆ ಬೇಡ’ ಎಂದು ನಾನು ತಡೆದವರೇ.

ಬಾಡಿಗೆಮನೆ: ಎಲ್ಲರಿಗೂ ಕೃತಜ್ಞತೆಗಳು. ಯೋಜನೆಯ ರೇರಾ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ರೇರಾ ಜಾಲತಾಣದಲ್ಲಿ ನೋಡಿದೆ. ನಮಗೆ ಹೇಳಿದ್ದು ಮುಂದಿನ ಯುಗಾದಿಗೆ ಗೃಹಪ್ರವೇಶ ಎಂದು. ಅಲ್ಲಿ ಬಿಲ್ಡರ್ ಬರೆದುಕೊಟ್ಟಿರುವ ಮುಕ್ತಾಯದ ದಿನಾಂಕ ಅದಕ್ಕಿಂತ ಎರಡು ವರ್ಷ ಆಚೆಗಿದೆ. ಭಾನುವಾರ ಹಣ ಕೊಡುವುದಿಲ್ಲವೆಂದು ಈಗಷ್ಟೇ ಫೋನ್ ಮಾಡಿ ತಿಳಿಸಿದೆವು.