ಅಪ್‌ಡೇಟ್: ಸರ್ಜನ್ ಕೇಳುವ ಮೆಶ್, ಲೆನ್ಸ್‌ಗಳ ಖರ್ಚು

ಶಿರಸಿಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಶಸ್ತ್ರಚಿಕಿತ್ಸೆಗಳಿಗೆ ಒಬ್ಬೊಬ್ಬ ಸರ್ಜನ್ ಒಂದೊಂದು ಕಂಪನಿಯ ಮೆಶ್ (ಹರ್ನಿಯಾಕ್ಕೆ ಒಳಗೆ ಹಾಕುವ ಬಲೆ), ಲೆನ್ಸ್ (ಪೊರೆ ತೆಗೆದ ಕಣ್ಣಿಗೆ ಹಾಕುವಂಥದ್ದು) ಕೇಳುತ್ತಾರೆ, ನಮಗೆ ಸಿಗುವ ಪ್ಯಾಕೇಜ್ ದರ ಮಾತ್ರ ಒಂದೇ, ಏನು ಮಾಡಲಿ ಎಂದು ಕೇಳಿದ್ದೆ. ‘ಅಗ್ಗದ್ದನ್ನೇ ತರಿಸಿ, ಕೊಟ್ಟದ್ದನ್ನು ಬಳಸುತ್ತಾರೆ’ ಎಂದು ಕೆಲವರು ಹೇಳಿದಿರಿ. ಅದು ಆಗುವ ಮಾತಲ್ಲ. ಹುಬ್ಬಳ್ಳಿಯಿಂದ ಬಂದು ಹೋಗುವ ಡಾಕ್ಟರು ಮುನಿಸಿಕೊಂಡರೆ ಆಪರೇಷನ್ ಥಿಯೇಟರಿಗೇ ಬೀಗ.

ಪ್ರತಿ ಕೇಸಿನ ಖರ್ಚನ್ನು ಬಿಡಿಬಿಡಿಯಾಗಿ ಬರೆದು, ಹೆಸರು ಹಾಕದೆ ಎಲ್ಲ ಸರ್ಜನ್‌ಗಳ ಮುಂದಿಟ್ಟೆವು. ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ) ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ದುಡ್ಡು ನುಂಗುತ್ತಿದ್ದುದು ಸಾಮಾನ್ಯ ಪಾಲಿಪ್ರೊಪಿಲೀನ್ ಮೆಶ್ ಅಲ್ಲ. ಅದನ್ನು ಹಿಡಿಸುವ, ಒಮ್ಮೆ ಬಳಸಿ ಎಸೆಯುವ ಟ್ಯಾಕರ್. ಹಿರಿಯ ಸರ್ಜನ್ ಕನ್ನಡಕ ಸರಿಮಾಡಿಕೊಂಡು, ‘ಇದಕ್ಕೆ ಇಷ್ಟೊಂದು ದರವೇ?’ ಎಂದರು. ಅವರಿಗೆ ಆವರೆಗೆ ಬಿಲ್ ತೋರಿಸಿದವರೇ ಇರಲಿಲ್ಲ! ಈಗ ಟ್ಯಾಕರ್ ಟ್ರಾಲಿಯ ಮೇಲಿರುತ್ತದೆ. ಡಾಕ್ಟರು ಕೇಳಿದ ಮೇಲಷ್ಟೇ ಸಿಸ್ಟರ್ ಪ್ಯಾಕೆಟ್ ಒಡೆಯುತ್ತಾರೆ. ದುಬಾರಿ ಲೆನ್ಸ್‌ಗಳನ್ನು ಕನ್‌ಸೈನ್‌ಮೆಂಟ್ ಮೇಲೆ ಇಡಿಸಿದ್ದೇವೆ, ಅಂದರೆ ಮಾಲು ವಿತರಕರದ್ದೇ, ಬಳಸಿದ್ದಕ್ಕಷ್ಟೇ ಹಣ. ಲೆನ್ಸ್‌ನ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ ವಿತರಕರ ಬಿಲ್ ಪಾಸಾಗುವುದಿಲ್ಲ.

ಮೂಳೆ ಡಾಕ್ಟರು ಮಾತ್ರ ಜಗ್ಗಿಲ್ಲ. ಮೊಣಕಾಲಿನ ಲಿಗಮೆಂಟಿಗೆ ತಮ್ಮ ಕೈಗೆ ಪಳಗಿದ ಸ್ಕ್ರೂ ಸೆಟ್ಟೇ ಬೇಕಂತೆ. ಅವರ ಮಾತಿನಲ್ಲೂ ಹುರುಳಿದೆ. ಹಾಗಾಗಿ ಸದ್ಯಕ್ಕೆ ಅದೇ ಕಂಪನಿಯವರೊಂದಿಗೆ ಚೌಕಾಸಿ ನಡೆಸಿದ್ದೇನೆ.