ಪಿ2ಪೂಲ್ ನೋಡ್ ಓಡ್ತಿದೆ, ಶೇರ್ ಮಾತ್ರ ಇಲ್ಲ

ಹಳೇ ಡೆಸ್ಕ್‌ಟಾಪ್‌ನಲ್ಲಿ ಮೊನೆರೊ ಅನ್ನೋ ಕ್ರಿಪ್ಟೋ ನಾಣ್ಯದ ನೋಡ್ (ಅದರ ಲೆಕ್ಕಪತ್ರ ಇಟ್ಟುಕೊಳ್ಳುವ ಪ್ರೋಗ್ರಾಂ) ಹಾಕಿ, ಜೊತೆಗೆ ಪಿ2ಪೂಲ್ (ನಡುವೆ ಮಾಲೀಕರಿಲ್ಲದೆ ಎಲ್ಲರೂ ಸೇರಿ ಮೈನಿಂಗ್ ಮಾಡುವ ಪೂಲ್) ಓಡಿಸುತ್ತಿದ್ದೇನೆ. ಮೈನಿಂಗ್ ಪ್ರೋಗ್ರಾಂ ಎಕ್ಸ್‌ಎಂರಿಗ್ ಪಿ2ಪೂಲ್‌ನ 3333 ಪೋರ್ಟ್‌ಗೆ ಸೇರಿದೆ, ಸೆಕೆಂಡಿಗೆ 2 ಕಿಲೋಹ್ಯಾಶ್ (2,000 ಲೆಕ್ಕದ ಪ್ರಯತ್ನ) ತೋರಿಸುತ್ತಿದೆ. ಮೂರು ದಿನ ಆಯ್ತು, ಒಂದು ಶೇರೂ (ಪೂಲ್ ಒಪ್ಪುವ, ಗಳಿಕೆಯಲ್ಲಿ ಪಾಲು ಕೊಡಿಸುವ ಲೆಕ್ಕದ ಉತ್ತರ) ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ 1:
ತಪ್ಪೇನೂ ಇಲ್ಲ ಗುರು. ಮಾಮೂಲಿ ಪೂಲ್ ಥರ ಇಲ್ಲಿ ನಿಮಿಷಕ್ಕೊಂದು ಶೇರ್ ಬರಲ್ಲ, ಇಡೀ ಪೂಲ್‌ಗೇ ಸುಮಾರು 10 ಸೆಕೆಂಡಿಗೆ ಒಂದು, ದೊಡ್ಡ ದೊಡ್ಡ ಯಂತ್ರಗಳ ನಡುವೆ ನಿಮ್ಮ ಪಾಳಿ ಬರೋಕೆ ವಾರಗಳೇ ಬೇಕಾಗಬಹುದು. ಸಣ್ಣ ಯಂತ್ರಗಳಿಗೆ ಅಂತಲೇ ಇರುವ ಪಿ2ಪೂಲ್ ಮಿನಿಗೆ ಬನ್ನಿ. ರೌಟರ್‌ನಲ್ಲಿ ಮಿನಿಯ 37888 ಪೋರ್ಟ್ ತೆರೆದರೆ ಒಳ್ಳೇದು.

ಉತ್ತರ 2:
ನೋಡ್ ಹಾರ್ಡ್ ಡಿಸ್ಕ್ ಮೇಲಿದೆಯಾ? ಎಸ್‌ಎಸ್‌ಡಿಗೆ ಹಾಕಿ, ಪ್ರೂನ್ ಮಾಡಿದ್ದೇ (ಹಳೇ ದತ್ತಾಂಶ ಕತ್ತರಿಸಿ ಚಿಕ್ಕದಾಗಿಸಿದ ಪ್ರತಿ) ಸಾಕು. ಇನ್ನೊಂದು, ಪಿ2ಪೂಲ್‌ನಲ್ಲಿ ನಿಮ್ಮ ವಾಲೆಟ್ ವಿಳಾಸ ಎಲ್ಲರಿಗೂ ಕಾಣುತ್ತದೆ. ಮೈನಿಂಗ್‌ಗೆ ಅಂತಲೇ ಬೇರೆ ವಾಲೆಟ್ ಇಡಿ.

ಪ್ರಶ್ನೆ ಕೇಳಿದವನು:
ಮಿನಿಗೆ ಬದಲಾಯಿಸಿದೆ. ನಿನ್ನೆ ರಾತ್ರಿ ಮೊದಲ ಶೇರ್ ಬಂತು! ಕರೆಂಟ್ ಬಿಲ್ ಇನ್ನೂ ಬಂದಿಲ್ಲ.