ಅಪ್‌ಡೇಟ್: ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ 30 ದಿನದ ವೀಸಾ ವಿಸ್ತರಣೆ ಸಿಕ್ತು

ಟೂರಿಸ್ಟ್ ವೀಸಾದ 60 ದಿನ ಮುಗೀತಾ ಬಂತು, ಮನೆ ಓನರ್ ನನ್ನ ವಾಸದ ಮಾಹಿತಿ ಕೊಡೋ ಟಿಎಂ.30 ಫಾರಂ ಹಾಕಿಲ್ಲ, ಇನ್ನೊಂದು ತಿಂಗಳು ಇರೋಕಾಗತ್ತಾ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ವಿದೇಶಿಯರು ಮನೆಗೆ ಬಂದು ಉಳಿದ 24 ಗಂಟೆಯೊಳಗೆ ಮಾಲೀಕರೇ ಇಮಿಗ್ರೇಷನ್‌ಗೆ ತಿಳಿಸಬೇಕಾದ್ದು ಈ ಟಿಎಂ.30. ನಮ್ಮ ಓನರಮ್ಮನಿಗೆ ಬಾಡಿಗೆಗೆ ಟ್ಯಾಕ್ಸ್ ಬೀಳತ್ತೆ ಅನ್ನೋ ಭಯ ಇರ್ಬೇಕು, ದಿನಾ ‘ನಾಳೆ’ ಅಂತಿದ್ರು. ಕೊನೆಗೆ ಪಕ್ಕದ ಮನೆ ಹುಡುಗಿ ಥಾಯ್‌ನಲ್ಲಿ ಬಿಡಿಸಿ ಹೇಳಿದ ಮೇಲೆ ಮೊಬೈಲ್‌ನಲ್ಲೇ ಹಾಕಿಕೊಟ್ರು.

ಇಮಿಗ್ರೇಷನ್ ಕಚೇರಿಯಲ್ಲಿ ಕೊಟ್ಟಿದ್ದು ವಿಸ್ತರಣೆಗೆ ಅರ್ಜಿ ಹಾಕೋ ಟಿಎಂ.7 ಫಾರಂ, ಫೋಟೋ, ಪಾಸ್‌ಪೋರ್ಟ್ ಜೆರಾಕ್ಸ್, 1,900 ಬಾತ್ (ಥಾಯ್ ದುಡ್ಡು). ಜೆರಾಕ್ಸ್‌ನ ಒಂದೊಂದು ಹಾಳೆಗೂ ಸಹಿ ಹಾಕಿಸಿಕೊಂಡ್ರು, ಪೆನ್ ನಿಮ್ಮದೇ ಇಟ್ಕೊಂಡಿರಿ. ಅವತ್ತೇ ಸ್ಟಾಂಪ್ ಬಿತ್ತು. 30 ದಿನದ ಲೆಕ್ಕ ಶುರುವಾಗೋದು ಹಳೇ ಅವಧಿ ಮುಗಿದ ಮೇಲೆ, ಅರ್ಜಿ ಹಾಕಿದ ದಿನದಿಂದಲ್ಲ. ಹಾಗಾಗಿ ಕೊನೇ ದಿನದವರೆಗೆ ಕಾದು ಏನೂ ಲಾಭ ಇಲ್ಲ.

‘ಓವರ್‌ಸ್ಟೇ (ವೀಸಾ ಅವಧಿ ಮೀರಿ ಇರೋದು) ಆದ್ರೆ ದಿನಕ್ಕೆ 500 ಬಾತ್ ದಂಡ ಬಿಸಾಕಿ’ ಅಂದಿದ್ದವರಿಗೆ: ಏರ್‌ಪೋರ್ಟ್‌ನಲ್ಲಿ ದಂಡ ಕಟ್ಟೋದು ಬೇರೆ, ದಾರೀಲಿ ಪೊಲೀಸ್ ಕೈಗೆ ಸಿಗೋದು ಬೇರೆ. ಆ ರಗಳೆ ನನಗೆ ಬೇಡಪ್ಪ.

ಮಧ್ಯೆ ಲಾವೋಸ್‌ಗೆ ಹೋಗ್ಬರೋ ಪ್ಲಾನ್ ಕೈಬಿಟ್ಟೆ. ರೀ-ಎಂಟ್ರಿ ಪರ್ಮಿಟ್ (ಹೊರಗೆ ಹೋಗಿ ಮತ್ತೆ ಒಳಬರೋಕೆ ಮೊದಲೇ ತಗೊಳ್ಳೋ ಅನುಮತಿ) ಇಲ್ಲದೆ ಗಡಿ ದಾಟಿದ್ರೆ ಈ ವಿಸ್ತರಣೆ ಅಲ್ಲಿಗೇ ರದ್ದು.